ಊರಿಗೆ ಸಹಜ ಕೃಷಿ ಹೇಳಹೊರಟ ಮಕ್ಕಳಿಗೆ



ಬೆಂಗಳೂರಿನ ನೌಕರಿ ಬಿಟ್ಟು ಅಪ್ಪನ ಜಮೀನಿಗೆ ಮರಳುವ ಹುಡುಗ ಹುಡುಗಿಯರನ್ನು ಈಗ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಊರೂರಲ್ಲೂ ಕಾಣುತ್ತೇನೆ. ನಿಮ್ಮಲ್ಲಿ ಬಹಳ ಜನರ ಬ್ಯಾಗಿನಲ್ಲಿ ಜಪಾನಿನ ಮಸನೊಬು ಫುಕುವೋಕಾ ಅವರ ಪುಸ್ತಕ ಇರುತ್ತದೆ, ಇಲ್ಲವೇ ನಮ್ಮ ಪೂರ್ಣಚಂದ್ರ ತೇಜಸ್ವಿಯವರ ‘ಸಹಜ ಕೃಷಿ’ ಇರುತ್ತದೆ. ಉಳಬೇಡ, ಗೊಬ್ಬರ ಹಾಕಬೇಡ, ಕಳೆ ಕೀಳಬೇಡ, ಔಷಧಿ ಹೊಡೆಯಬೇಡ ಎಂಬ ನಾಲ್ಕು ಮಾತು ನಿಮ್ಮ ಮನಸ್ಸಿಗೆ ನಾಟಿದೆ. ಊರಿಗೆ ಬಂದು ಅದನ್ನೇ ಹೇಳುತ್ತೀರಿ. ಅರಳಿಕಟ್ಟೆಯಲ್ಲಿ ಕೂತವರು ಕೇಳಿಸಿಕೊಂಡಂತೆ ಮಾಡಿ, ಟವಲ್ ಕೊಡವಿ ಎದ್ದು ಹೋಗುತ್ತಾರೆ. ಆರು ತಿಂಗಳು ಕಳೆಯುವಷ್ಟರಲ್ಲಿ ಅವರು ನಿಮ್ಮನ್ನು ತಿಕ್ಕಲು ಎನ್ನುತ್ತಾರೆ, ನೀವು ಅವರನ್ನು ಮೂಢರು ಎನ್ನುತ್ತೀರಿ, ಮಾತು ನಿಂತೇ ಹೋಗುತ್ತದೆ.

ಕೆಂಪು ಮಣ್ಣಿನಲ್ಲಿ ರಾಗಿ ಬೆಳೆದೇ ವಯಸ್ಸಾದವನು ನಾನು. ಮಣ್ಣನ್ನು ಬೆತ್ತಲೆ ಬಿಡಬಾರದು, ಅದರೊಳಗಿನ ಜೀವವನ್ನು ಕೊಲ್ಲಬಾರದು ಎಂಬ ಈ ವಿಚಾರ ನಮ್ಮ ಸೀಮೆಯಲ್ಲಿ ನೆಲೆಯೂರಬೇಕು ಎಂಬ ಆಸೆ ನನಗೂ ಇದೆ. ಅದಕ್ಕೇ ಈ ಮಾತು ಹೇಳುತ್ತಿದ್ದೇನೆ. ಊರಿನ ಅನುಮಾನವನ್ನು ಅಡ್ಡಿ ಎಂದು ತಿಳಿಯಬೇಡಿ. ನಿಮ್ಮ ವಿಚಾರ ನಮ್ಮ ನೆಲಕ್ಕೆ ಒಗ್ಗಬೇಕಾದರೆ ಅದರಲ್ಲಿ ಏನೇನು ತಿದ್ದಬೇಕು ಎಂಬ ತಿಳಿವಳಿಕೆ ಆ ಅನುಮಾನದೊಳಗೇ ಇದೆ. ಅದನ್ನು ಕೇಳಿಸಿಕೊಂಡವರ ಕೈಯಲ್ಲಿ ವಿಚಾರ ಬದುಕುತ್ತದೆ.

ಫುಕುವೋಕಾ ಅವರ ಬದುಕನ್ನೇ ನೋಡಿ. ಅವರು ಹುಟ್ಟಿದ್ದು 1913ರಲ್ಲಿ, ಶಿಕೋಕು ದ್ವೀಪದ ಎಹಿಮೆ ಪ್ರಾಂತ್ಯದಲ್ಲಿ. ಓದಿದ್ದು ಸಸ್ಯರೋಗ ಶಾಸ್ತ್ರ. ಯೊಕೊಹಾಮಾ ಬಂದರಿನಲ್ಲಿ ಹಡಗಿಗೆ ಬರುವ ಹೋಗುವ ಗಿಡಗಳಿಗೆ ರೋಗ ಇದೆಯೇ ಎಂದು ಪರೀಕ್ಷಿಸುವ ಸರ್ಕಾರಿ ಕೆಲಸ. ಇಪ್ಪತ್ತೈದರ ಹರೆಯದಲ್ಲಿ ನ್ಯುಮೋನಿಯಾ ತಗುಲಿ ಆಸ್ಪತ್ರೆ ಸೇರಿದರು. ಗುಣವಾಗಿ ಬಂದ ಮೇಲೂ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಒಂದು ಬೆಳಗಿನ ಜಾವ, ಮನುಷ್ಯ ತಿಳಿದಿದ್ದೇನೆ ಎಂದುಕೊಂಡದ್ದೆಲ್ಲ ಪೊಳ್ಳು ಎಂಬ ಅರಿವು ಅವರಿಗಾಯಿತು. ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಆ ಅರಿವನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಅಲೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಇವನೊಬ್ಬ ವಿಚಿತ್ರ ಮನುಷ್ಯ ಎಂದು ಬಿಟ್ಟುಬಿಟ್ಟರು. ಬಾಯಿಮಾತಿನಿಂದ ಆಗದ್ದನ್ನು ಬೇಸಾಯದಲ್ಲಿ ಮಾಡಿ ತೋರಿಸಬೇಕು ಎಂದು ಅವರು ಅಪ್ಪನ ಜಮೀನಿಗೆ ಮರಳಿದ್ದು ಆಮೇಲೆ.

ಅಲ್ಲಿ ಏನಾಯಿತು ಎಂಬುದನ್ನು ನಿಮ್ಮಲ್ಲಿ ಹಲವರು ಬೇಗ ಓದಿ ಮುಂದೆ ಹೋಗುತ್ತೀರಿ. ಅಪ್ಪ ಪ್ರತಿವರ್ಷ ಸವರಿ ಬೆಳೆಸಿದ್ದ ಕಿತ್ತಳೆ ಜಾತಿಯ ಗಿಡಗಳನ್ನು ಮಗ ಸವರದೆ ಬಿಟ್ಟರು. ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡವು, ಹುಳ ಮುತ್ತಿತು, ನೂರಾರು ಗಿಡ ಒಣಗಿಹೋದವು. ಮನುಷ್ಯನ ಕೈ ಸೇರಿ ರೂಪ ಪಡೆದ ಗಿಡವನ್ನು ಒಮ್ಮೆಗೇ ಕೈಬಿಟ್ಟರೆ ಅದು ಸಹಜ ಸ್ಥಿತಿಗೆ ಮರಳುವುದಿಲ್ಲ, ಹಾಳಾಗುತ್ತದೆ ಎಂಬುದನ್ನು ಅವರು ಅಲ್ಲಿ ಕಲಿತರು. ಕಲಿತದ್ದನ್ನು ಮುಚ್ಚಿಡದೆ ಪುಸ್ತಕದಲ್ಲಿ ಬರೆದರು. ಆಮೇಲೆ ಎರಡನೇ ಮಹಾಯುದ್ಧದ ಕಾಲದಲ್ಲಿ ಕೊಚಿ ಪ್ರಾಂತ್ಯದ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದರು. ರಾಸಾಯನಿಕ ಬಳಸಿ ಬೆಳೆದ ಪೈರನ್ನೂ ಬಳಸದೆ ಬೆಳೆದ ಪೈರನ್ನೂ ಎದುರುಬದುರು ಇಟ್ಟು ನೋಡುವ ಅವಕಾಶ ಅಲ್ಲಿ ಸಿಕ್ಕಿತು. 1947ರಲ್ಲಿ ಮತ್ತೆ ಜಮೀನಿಗೆ ಬಂದರು. ನಿಂತ ಭತ್ತದ ಪೈರಿನ ನಡುವೆಯೇ ಕ್ಲೋವರ್ ಮತ್ತು ಬಾರ್ಲಿ ಬೀಜ ಎರಚುವುದು, ಭತ್ತ ಕೊಯ್ದ ಮೇಲೆ ಹುಲ್ಲನ್ನು ಪೂರ್ತಿ ಗದ್ದೆಗೇ ಹರಡುವುದು, ಮತ್ತೆ ಬಾರ್ಲಿಯ ಅಡಿಯಲ್ಲಿ ಭತ್ತ. ಕಾಲು ಎಕರೆಗೆ ಸುಮಾರು 590 ಕಿಲೋ ಭತ್ತ ಬಂತೆಂದು ಅವರ ಲೆಕ್ಕ. ಜಗತ್ತೆಲ್ಲ ಓದಿದ ಅವರ ಪುಸ್ತಕ ಬಂದದ್ದು 1975ರಲ್ಲಿ. ಊರಿಗೆ ಮರಳಿದ ಮೇಲೆ 28 ವರ್ಷ ಉಳದ ಗದ್ದೆಯಲ್ಲಿ ಫಸಲು ತೆಗೆದು ತೋರಿಸಿದ್ದರಿಂದಲೇ ಆ ಪುಸ್ತಕಕ್ಕೆ ತೂಕ ಬಂತು. 1988ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ನೀವು ಒಂದು ಬೇಸಿಗೆಯಲ್ಲಿ ಪುಸ್ತಕ ಓದಿ ಮುಂಗಾರಿಗೆ ಊರು ಬದಲಾಗಲಿಲ್ಲ ಎಂದು ನೊಂದುಕೊಂಡರೆ, ಗುರು ನಡೆದ ದಾರಿಯನ್ನು ನೋಡಿಯೇ ಇಲ್ಲ ಎಂದಾಯಿತು.

ಈಗ ಕಟ್ಟೆಯ ಮೇಲೆ ಕೂತವರ ಪ್ರಶ್ನೆಗೆ ಬರುತ್ತೇನೆ. ಒಕ್ಕಣೆಯಾದ ಮೇಲೆ ರಾಗಿ ಹುಲ್ಲನ್ನೆಲ್ಲ ಹೊಲಕ್ಕೆ ಹಾಸಿ ಎಂದು ನೀವು ಹೇಳಿದಾಗ ಅಜ್ಜಿಯೊಬ್ಬರು ಕೇಳಿಯೇ ಕೇಳುತ್ತಾರೆ: “ಹುಲ್ಲನ್ನೆಲ್ಲಾ ಹೊಲಕ್ಕೆ ಹಾಸಿಬಿಟ್ರೆ ಹಸ ಏನ್ ತಿನ್ಬೇಕಪ್ಪಾ?” ಇದು ವಿರೋಧಕ್ಕಾಗಿ ಕೇಳಿದ ಪ್ರಶ್ನೆ ಎನಿಸಬಹುದು. ಆದರೆ ಇಡೀ ಸಹಜ ಕೃಷಿಗೆ ನಮ್ಮ ಬಯಲುಸೀಮೆ ಹಾಕುವ ಅತಿ ದೊಡ್ಡ ಪ್ರಶ್ನೆ ಇದೇ. ಫುಕುವೋಕಾ ಅವರ ಗದ್ದೆಯ ಹುಲ್ಲಿಗೆ ಕಾದು ಕೂತ ಹಸು ಇರಲಿಲ್ಲ. ನಮ್ಮ ಮನೆಗಳಲ್ಲಿ ರಾಗಿ ಹುಲ್ಲಿನ ಬಣವೆ ಎಂದರೆ ವರ್ಷದ ಮೇವು, ಮೇವು ಎಂದರೆ ಡೇರಿಗೆ ಹಾಕುವ ಹಾಲು, ಹಾಲು ಎಂದರೆ ಬಟವಾಡೆಯ ದಿನ ಕೈಗೆ ಬರುವ ದುಡ್ಡು. ಮಕ್ಕಳ ಫೀಸು, ಸಂಘದ ಸಾಲದ ಕಂತು ಅದರಿಂದಲೇ ನಡೆಯುತ್ತದೆ. ಆ ಅಜ್ಜಿಗೆ ಪುಸ್ತಕ ಗೊತ್ತಿಲ್ಲ, ಮನೆ ನಡೆಯುವುದು ಯಾವುದರಿಂದ ಎಂಬುದು ಚೆನ್ನಾಗಿ ಗೊತ್ತು.

ಆಕೆಯ ಪ್ರಶ್ನೆಯನ್ನು ಮನಸ್ಸಿಗೆ ತೆಗೆದುಕೊಂಡರೆ ನಿಮ್ಮ ಕೆಲಸ ಶುರುವಾಗುತ್ತದೆ. ರಾಗಿ ಹುಲ್ಲು ಹಸುವಿಗೇ ಇರಲಿ. ಹೊಲಕ್ಕೆ ಬೇರೆ ಮುಚ್ಚಿಗೆ ಎಲ್ಲಿಂದ ತರಬಹುದು? ಬದುವಿನ ಮೇಲೆ ಗ್ಲಿರಿಸಿಡಿಯಾ ಕಡ್ಡಿ ನೆಟ್ಟರೆ ಚೆನ್ನಾಗಿ ಚಿಗುರಿಕೊಂಡ ಮೇಲೆ ವರ್ಷಕ್ಕೆ ಎರಡು ಮೂರು ಸಲ ಸೊಪ್ಪು ಕಡಿಯಬಹುದು. ಹೊಂಗೆ ಸೊಪ್ಪಿದೆ, ತೆಂಗಿನ ಗರಿ ಇದೆ, ಅವರೆ ತೊಗರಿಯ ಹೊಟ್ಟು ಕಡ್ಡಿ ಇದೆ. ಮುಂಗಾರಿನ ಮೊದಲ ಮಳೆಗೆ ಅಲಸಂದೆ ಚೆಲ್ಲಿ, ಹೂ ಬಿಡುವ ಹೊತ್ತಿಗೆ ಮಲಗಿಸಿದರೆ ಅದೇ ಹೊದಿಕೆಯಾಗುತ್ತದೆ. ಅದರ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತದೆ. ಈ ಉತ್ತರ ಎಹಿಮೆಯಿಂದ ಬಂದದ್ದಲ್ಲ, ಅಜ್ಜಿಯ ಪ್ರಶ್ನೆಯಿಂದ ಹುಟ್ಟಿದ್ದು. ಅದಕ್ಕೇ ಅದು ಇಲ್ಲಿ ನಡೆಯುತ್ತದೆ.

ಉಳಿದ ಪ್ರಶ್ನೆಗಳೂ ಹಾಗೆಯೇ. ಒಣ ಮುಚ್ಚಿಗೆಗೆ ಗೆದ್ದಲು ಹತ್ತುತ್ತದಲ್ಲ ಎನ್ನುತ್ತಾರೆ. ಹತ್ತುತ್ತದೆ, ಕೆಂಪು ಮಣ್ಣಿನಲ್ಲಿ ಇನ್ನೂ ಹೆಚ್ಚು. ಜೇಕು, ಗರಿಕೆ ಹುಲ್ಲು ಹೊದಿಕೆಯನ್ನು ಸೀಳಿಕೊಂಡು ಬರುತ್ತವಲ್ಲ ಎನ್ನುತ್ತಾರೆ. ಬರುತ್ತವೆ. ಜಪಾನಿನಷ್ಟು ಮಳೆ ನಮಗೆಲ್ಲಿದೆ ಎನ್ನುತ್ತಾರೆ. ಅದೂ ನಿಜ, ಎಹಿಮೆಯ ಕಡೆ ಬೀಳುವ ಮಳೆ ನಮ್ಮ ಕೋಲಾರದ ಮಳೆಯ ಸುಮಾರು ಎರಡು ಪಟ್ಟು. ಅವರ ಬಿಳಿ ಕ್ಲೋವರ್ ನಮ್ಮ ಬಿಸಿಲಿಗೆ ನಿಲ್ಲುವುದಿಲ್ಲ. ಇವನ್ನೆಲ್ಲ ಒಪ್ಪಿಕೊಳ್ಳಿ. ಒಪ್ಪಿಕೊಂಡ ಕೂಡಲೇ ಎದುರಿನವರ ದನಿ ಬದಲಾಗುತ್ತದೆ. ಹಾಗಾದರೆ ಏನು ಮಾಡೋಣ ಎಂದು ಅವರೇ ಕೇಳುತ್ತಾರೆ. ನೀವು ಕಾಯಬೇಕಾದದ್ದು ಆ ಒಂದು ಮಾತಿಗಾಗಿ.

ಹಿಂದಿನವರು ಮಾಡಿದ್ದನ್ನು ಹೀಗಳೆಯಬೇಡಿ. ಯೂರಿಯಾ ಹಾಕಿ ಬೆಳೆದದ್ದೆಲ್ಲ ವಿಷ, ನೀವು ಜನರಿಗೆ ವಿಷ ಉಣಿಸಿದಿರಿ ಎಂಬ ಮಾತು ನಿಮ್ಮ ವಯಸ್ಸಿನವರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಕೇಳುವ ಅಪ್ಪನ ಮನಸ್ಸಿಗೆ ಅದು ಎಷ್ಟು ಚುಚ್ಚುತ್ತದೆ ಎಂಬುದನ್ನು ಯೋಚಿಸಿ. 1965-66ರ ಬರಗಾಲದ ಹೊತ್ತಿಗೆ ಈ ದೇಶ ಅಮೆರಿಕದಿಂದ ಬರುತ್ತಿದ್ದ ಪಿಎಲ್-480 ಯೋಜನೆಯ ಗೋಧಿಗೆ ಕೈ ಒಡ್ಡಿತ್ತು. ಅಂಥ ಕಾಲದಲ್ಲಿ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂತು ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ತಳಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಹೊಸ ತಳಿ ಬಂತು, ಚೀಲದ ಗೊಬ್ಬರ ಬಂತು, ಹೊಲದಲ್ಲಿ ತೆನೆ ತೂಗಿತು, ಮನೆಯಲ್ಲಿ ಮುದ್ದೆ ದೊಡ್ಡದಾಯಿತು. ನಿಮ್ಮನ್ನು ಓದಿಸಿದ್ದು ಆ ಫಸಲು. ಆಮೇಲೆ ಅತಿಯಾಯಿತು ನಿಜ. ತಿಪ್ಪೆಗೊಬ್ಬರ ಮರೆತರು, ಮಣ್ಣು ಗಟ್ಟಿಯಾಯಿತು, ಪ್ರತಿವರ್ಷ ಒಂದೊಂದು ಚೀಲ ಹೆಚ್ಚು ಬೇಡತೊಡಗಿತು. ಅದನ್ನು ಹೇಳುವಾಗ ಮೊದಲು ಅವರಿಗೆ ಸಲ್ಲಬೇಕಾದ ಋಣ ಸಲ್ಲಿಸಿ, ಆಮೇಲೆ ಕೊರತೆಯ ಮಾತು ಆಡಿ.

ಅವರಿಗೆ ಗೊತ್ತಿರುವುದೂ ಕಡಿಮೆಯಲ್ಲ. ರಾಗಿಯ ನಡುವೆ ಅಕ್ಕಡಿ ಸಾಲು ಹಾಕುವುದನ್ನು ನಿಮಗೆ ಯಾವ ಪುಸ್ತಕವೂ ಕಲಿಸಬೇಕಿಲ್ಲ, ನಿಮ್ಮ ತಾತನನ್ನು ಕೇಳಿದರೆ ಸಾಕು. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ ಒಂದೊಂದು ಸಾಲು. ಒಂದಕ್ಕೆ ಮಳೆ ತಪ್ಪಿದರೆ ಇನ್ನೊಂದು ಕೈ ಹಿಡಿಯುತ್ತಿತ್ತು. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತಿತ್ತು, ತೊಗರಿ ಎಲೆ ಉದುರಿ ನೆಲ ಸೇರುತ್ತಿತ್ತು. ಫುಕುವೋಕಾ ಹೇಳಿದ ಎಷ್ಟೋ ಮಾತಿಗೆ ನಮ್ಮ ಹೊಲದಲ್ಲೇ ಸಾಕ್ಷಿ ಇದೆ. ಹೊರಗಿನಿಂದ ಹೊಸದು ತಂದೆ ಎಂದು ಹೇಳುವುದಕ್ಕಿಂತ, ನಿಮ್ಮಿಂದ ಬಿಟ್ಟುಹೋದದ್ದನ್ನು ಕಲಿಸಿಕೊಡಿ ಎಂದು ಕೇಳಿ. ಕಲಿಸಿದವರು ನಿಮ್ಮ ಜೊತೆ ನಿಲ್ಲುತ್ತಾರೆ.

ಇನ್ನೊಂದು ಮಾತು, ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಹೊಸ ವಿಚಾರ ಒಪ್ಪಿಕೊಳ್ಳುವುದರ ಬೆಲೆ ಎಲ್ಲರಿಗೂ ಒಂದೇ ಅಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ಈ ದೇಶದ ನೂರು ಹಿಡುವಳಿಗಳಲ್ಲಿ 86 ಹಿಡುವಳಿಗಳು ಎರಡು ಹೆಕ್ಟೇರಿಗಿಂತ ಸಣ್ಣವು. ನಿಮ್ಮ ಖಾತೆಯಲ್ಲಿ ಹಳೆಯ ಸಂಬಳದ ಉಳಿತಾಯ ಇರುತ್ತದೆ. ಒಂದು ಮುಂಗಾರು ಕೈಕೊಟ್ಟರೆ ನಿಮಗದು ಪಾಠ. ಪಕ್ಕದ ಹೊಲದವರಿಗೆ ಹಾಗಲ್ಲ. ಸಾಲ ತೀರಿಸಲು ಹೆಂಡತಿಯ ಓಲೆ ಅಡವಿಡಬೇಕು, ಇಲ್ಲವೇ ಕೂಲಿಗೆ ಬೆಂಗಳೂರಿನ ಬಸ್ಸು ಹತ್ತಬೇಕು. ಸಹಜ ಕೃಷಿಗೆ ಹೊರಳುವಾಗ ಮೊದಲ ಎರಡು ಮೂರು ವರ್ಷ ಇಳುವರಿ ಇಳಿಯುವುದುಂಟು. ಒಣಹುಲ್ಲು, ಕಡ್ಡಿಯನ್ನು ಮಣ್ಣಿನೊಳಗೆ ಬೆರೆಸಿಬಿಟ್ಟರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಸಾರಜನಕವನ್ನು ಎಳೆದುಕೊಂಡು ಪೈರು ಹಳದಿಯಾಗುತ್ತದೆ. ಅದು ಹೊದಿಕೆಯಾಗಿ ಮೇಲೆಯೇ ಇರಬೇಕು. ಈ ಸಂಗತಿಯನ್ನು ಮುಂಚೆಯೇ ಹೇಳಿ. ನಷ್ಟದ ಮಾತು ಮುಚ್ಚಿಟ್ಟು ಒಬ್ಬರನ್ನು ಒಪ್ಪಿಸಿದರೆ, ಅವರ ಪೈರು ಹಳದಿಯಾದ ದಿನ ನೂರು ಜನ ಈ ವಿಚಾರಕ್ಕೆ ಬೆನ್ನು ತಿರುಗಿಸುತ್ತಾರೆ.

ಹಾಗಾಗಿ ಯಾರಿಗೂ ಇಡೀ ಜಮೀನು ಬದಲಿಸಿ ಎನ್ನಬೇಡಿ. ನೀವೂ ಇಡೀ ಜಮೀನಿಗೆ ಕೈ ಹಾಕಬೇಡಿ. ಜಮೀನು ಅಪ್ಪನದು, ಅವರನ್ನು ಕೇಳಿ ಮೂಲೆಯ ಹತ್ತು ಗುಂಟೆ ಪಡೆಯಿರಿ. ರಸ್ತೆಯ ಬದಿಗೆ ಇದ್ದರೆ ಒಳ್ಳೆಯದು, ಹೋಗುವವರು ಬರುವವರು ನೋಡಬೇಕು. ಪಕ್ಕದ ಹತ್ತು ಗುಂಟೆಯಲ್ಲಿ ಅಪ್ಪ ತಮ್ಮ ರೀತಿಯಲ್ಲೇ ಬೆಳೆಯಲಿ. ಎರಡಕ್ಕೂ ಒಂದೇ ಬೀಜ, ಒಂದೇ ದಿನ ಬಿತ್ತನೆ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಅವರ ಲೆಕ್ಕ, ಬಲಕ್ಕೆ ನಿಮ್ಮದು ಬರೆಯಿರಿ: ಬೀಜ, ಗೊಬ್ಬರ, ಕೂಲಿ ಆಳು, ಉಳುಮೆಯ ಬಾಡಿಗೆ, ಬಂದ ರಾಗಿ, ಬಂದ ಹುಲ್ಲು. ಸೊಪ್ಪು ಕಡಿದು ಹೊತ್ತು ತಂದ ನಿಮ್ಮ ದುಡಿಮೆಗೂ ಕೂಲಿ ಹಾಕಿ ಬರೆಯಿರಿ. ಇದನ್ನು ಬಿಟ್ಟು ಖರ್ಚೇ ಇಲ್ಲದ ಬೇಸಾಯ ಎಂದರೆ ಯಾವ ರೈತರೂ ನಂಬುವುದಿಲ್ಲ, ನಂಬಬಾರದು ಕೂಡ. ಕಳೆ ಕೀಳುವ ಕೆಲಸ ನಮ್ಮಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳದು. ನಿಮ್ಮ ಪದ್ಧತಿಯಿಂದ ಅವರ ಬೆನ್ನಿನ ಭಾರ ಇಳಿಯಿತೇ ಏರಿತೇ ಎಂದು ಅವರನ್ನೇ ಕೇಳಿ, ಅದನ್ನೂ ಬರೆದಿಡಿ.

ತೋರಿಸುವುದಿದ್ದರೆ ಕಣ್ಣಿಗೆ ಕಾಣುವುದನ್ನು ತೋರಿಸಿ. ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ. ಮೂರು ನಾಲ್ಕು ವರ್ಷ ಹೊದಿಕೆ ಕಂಡ ಹೊಲದಿಂದ ಒಂದು ಹೆಂಟೆ, ಬೆತ್ತಲೆ ಬಿಟ್ಟು ಉತ್ತ ಹೊಲದಿಂದ ಒಂದು ಹೆಂಟೆ ತಂದು, ಎರಡನ್ನೂ ನೆರಳಲ್ಲಿ ಒಣಗಿಸಿ ನಿಧಾನವಾಗಿ ನೀರಿಗೆ ಬಿಡಿ. ಬೆತ್ತಲೆ ಹೊಲದ ಹೆಂಟೆ ಗುಳುಗುಳು ಎಂದು ಗಾಳಿ ಬಿಟ್ಟು ಸ್ವಲ್ಪ ಹೊತ್ತಿನಲ್ಲೇ ಕುಸಿಯುತ್ತದೆ, ನೀರು ರಾಡಿಯಾಗುತ್ತದೆ. ಹೊದಿಕೆಯಡಿಯ ಹೆಂಟೆ ಹಿಡಿದುಕೊಂಡು ನಿಲ್ಲುತ್ತದೆ. ಬೇರು, ಶಿಲೀಂಧ್ರದ ಎಳೆ, ಎರೆಹುಳುವಿನ ಅಂಟು ಕಣಕಣವನ್ನು ಬಿಗಿದಿರುತ್ತದೆ. ಜೋರುಮಳೆಗೆ ಯಾರ ಮಣ್ಣು ಕೆರೆಗೆ ಹರಿದುಹೋಗುತ್ತದೆ ಎಂದು ಆಗ ನೀವು ಹೇಳಬೇಕಾಗಿಲ್ಲ. ಇನ್ನೊಂದು, ಶ್ರಾವಣದಲ್ಲಿ ಮಳೆ ಹದಿನೈದು ದಿನ ಕೈಕೊಡುತ್ತದಲ್ಲ, ಆಗ ಉರಿಬಿಸಿಲಿನ ಮಧ್ಯಾಹ್ನ ಊರವರನ್ನು ಕರೆದು ಎರಡೂ ತಾಕಿನ ರಾಗಿ ಎಲೆ ನೋಡಲು ಹೇಳಿ. ಯಾವುದು ಮೊದಲು ಸುರುಳಿ ಸುತ್ತಿತು ಎಂಬುದನ್ನು ಅವರು ನಿಮಗಿಂತ ಚೆನ್ನಾಗಿ ಗುರುತಿಸುತ್ತಾರೆ.

ಬಲವಂತದ ದಾರಿಯನ್ನಂತೂ ಕನಸಿನಲ್ಲೂ ನೆನೆಯಬೇಡಿ. ಸರ್ಕಾರ ಒಂದು ಆದೇಶ ಹೊರಡಿಸಿ ರಾಸಾಯನಿಕ ಗೊಬ್ಬರ ನಿಲ್ಲಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಿಮ್ಮಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ. ಪಕ್ಕದ ಶ್ರೀಲಂಕಾದಲ್ಲಿ ಹಾಗೆಯೇ ಆಯಿತು. ಹತ್ತು ವರ್ಷದಲ್ಲಿ ಹಂತಹಂತವಾಗಿ ಸಾವಯವಕ್ಕೆ ಹೋಗುವ ಭರವಸೆ ಕೊಟ್ಟಿದ್ದ ಗೋಟಬಯ ರಾಜಪಕ್ಸ ಸರ್ಕಾರ 2021ರ ಬೇಸಿಗೆಯಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿತು. ಭತ್ತದ ಫಸಲು ಕುಸಿಯಿತು, ಚಹಾ ತೋಟಗಳು ಸೊರಗಿದವು, ರೈತರು ಬೀದಿಗೆ ಬಂದರು. ಅದೇ ನವೆಂಬರಿನಲ್ಲಿ ನಿಷೇಧ ಹಿಂದಕ್ಕೆ ಹೋಯಿತು. ಇಂದಿಗೂ ಸಾವಯವ ಎಂದ ಕೂಡಲೇ ವಿರೋಧಿಗಳು ಶ್ರೀಲಂಕಾದ ಹೆಸರು ಎತ್ತುತ್ತಾರೆ. ಒಳ್ಳೆಯ ವಿಚಾರವೊಂದಕ್ಕೆ ಅದರ ಶತ್ರುಗಳಿಂದ ಆಗದಷ್ಟು ಪೆಟ್ಟು ಅವಸರದ ಅಭಿಮಾನಿಗಳಿಂದ ಬಿತ್ತು.

ಆಂಧ್ರದಲ್ಲಿ 2016ರಿಂದ ನಡೆದಿರುವ ಸಹಜ ಕೃಷಿಯ ಕೆಲಸದ ದಾರಿ ಬೇರೆ. ಅಲ್ಲೂ ಸರ್ಕಾರ ಇದೆ, ಹಣ ಇದೆ, ಟೀಕೆಯೂ ಇದೆ. ಆದರೆ ವಿಷಯ ಮುಟ್ಟಿಸುವವರು ಅದನ್ನು ತಮ್ಮ ಹೊಲದಲ್ಲಿ ಮಾಡಿ ನೋಡಿದ ರೈತರೇ, ಕೂತು ಮಾತಾಡುವ ಜಾಗ ಮಹಿಳಾ ಸ್ವಸಹಾಯ ಸಂಘ. ರೈತರ ಮಾತನ್ನು ರೈತರು ಕೇಳುತ್ತಾರೆ, ಯಾಕೆಂದರೆ ಮರುದಿನ ಹೊಲಕ್ಕೆ ಹೋಗಿ ನೋಡಿ ಬರಬಹುದು.

ವಿಜ್ಞಾನಿಗಳು ಒಪ್ಪದಿದ್ದರೆ ಕಂಪನಿಗೆ ಮಾರಿಕೊಂಡವರು ಎಂದು ಬೈಯಬೇಡಿ. 2019ರಲ್ಲಿ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ, ಪಾಳೇಕರ್ ಅವರು ಪ್ರಚಾರ ಮಾಡಿದ ಶೂನ್ಯ ಬಂಡವಾಳ ಕೃಷಿಗೆ ಸಾಕಷ್ಟು ಪುರಾವೆ ಇಲ್ಲ ಎಂದು ಹೇಳಿತು. ಪುರಾವೆ ಕೇಳುವುದು ಅವರ ಕೆಲಸ, ಪುರಾವೆ ಕೊಡುವುದು ನಮ್ಮ ಕೆಲಸ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ನಿಮ್ಮ ಎರಡೂ ತಾಕಿನ ಮಣ್ಣು ಪರೀಕ್ಷೆ ಮಾಡಿಸಿ, ಸಾವಯವ ಇಂಗಾಲ ಎಷ್ಟಿದೆ ನೋಡಿ, ಮೂರು ವರ್ಷದ ಮೇಲೆ ಮತ್ತೆ ನೋಡಿ. ನಿಮ್ಮ ನೋಟ್‌ಬುಕ್ಕಿನ ಪಕ್ಕದಲ್ಲಿ ಆ ಚೀಟಿ ಇದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ.

ಇನ್ನು ಫುಕುವೋಕಾ ಅವರ ಆಳದ ತತ್ವ. ಮನುಷ್ಯನ ಬುದ್ಧಿ ಪ್ರಕೃತಿಯನ್ನು ಎಂದೂ ಪೂರ್ತಿ ಅರಿಯಲಾರದು, ಬೇಸಾಯದ ಕೊನೆಯ ಗುರಿ ಬೆಳೆಯಲ್ಲ, ಮನುಷ್ಯನೇ ಮಾಗುವುದು ಎಂಬ ಅವರ ನಂಬಿಕೆ ನನಗೆ ಬಹಳ ಹಿಡಿಸಿದ್ದು. ನಿಮಗೂ ಹಿಡಿಸಿದ್ದರೆ ಅದರಂತೆ ಬದುಕಿ. ಆದರೆ ಊರವರು ಮೊದಲು ಅದನ್ನು ಒಪ್ಪಿ ಆಮೇಲೆ ಹೊಲಕ್ಕೆ ಮುಚ್ಚಿಗೆ ಹಾಕಲಿ ಎಂದು ಕಾಯಬೇಡಿ. ಒಂದು ಮನೆಯವರು ತತ್ವದ ಒಂದು ಮಾತನ್ನೂ ನಂಬದೆ, 45 ಕಿಲೋದ ಯೂರಿಯಾ ಚೀಲ ಎರಡು ಹಾಕುವಲ್ಲಿ ಒಂದು ಹಾಕಿ, ಬದುವಿಗೆ ಗ್ಲಿರಿಸಿಡಿಯಾ ನೆಟ್ಟರೂ ಮಣ್ಣಿಗೆ ಒಳ್ಳೆಯದಾಯಿತು. ಅದನ್ನು ಅರೆಬರೆ ಎಂದು ಹಳಿಯಬೇಡಿ. ಸಗಣಿ ಗಂಜಲದ ಜೀವಾಮೃತ ಹಾಕುವವರು, ಎರೆಗೊಬ್ಬರ ಹಾಕುವವರು, ಏನೂ ಹಾಕದವರು ಎಂದು ನಿಮ್ಮೊಳಗೇ ಮೂರು ಪಂಗಡ ಮಾಡಿಕೊಂಡು ಕಿತ್ತಾಡುವುದನ್ನು ನೋಡಿ ಊರು ದೂರ ಸರಿಯುತ್ತದೆ. ದೊಡ್ಡಬಳ್ಳಾಪುರದ ಹತ್ತಿರ ಮರೇನಹಳ್ಳಿಯಲ್ಲಿ ತೋಟ ಮಾಡಿದ ಎಲ್. ನಾರಾಯಣ ರೆಡ್ಡಿಯವರು ಫುಕುವೋಕಾ ಅವರಿಂದ ಪ್ರೇರಣೆ ಪಡೆದವರು, ಆದರೂ ದನ ಸಾಕುವುದನ್ನು ಬಿಡಲಿಲ್ಲ. 2019ರಲ್ಲಿ ಅವರು ತೀರಿಕೊಳ್ಳುವವರೆಗೂ ಜನ ಹುಡುಕಿಕೊಂಡು ಹೋಗಿದ್ದು ದನ, ಮರ, ಕಾಳು, ಹಣ್ಣು ಕೂಡಿದ ಆ ತೋಟ ನೋಡಲಿಕ್ಕೆ.

ನಿಮ್ಮ ಹೊಲ ಒಂದು ಹೇಳಿ ಪುಸ್ತಕ ಇನ್ನೊಂದು ಹೇಳಿದರೆ ಹೊಲವನ್ನು ನಂಬಿ. ಕಿತ್ತಳೆ ತೋಟ ಒಣಗಿದಾಗ ಫುಕುವೋಕಾ ಕೂಡ ಹಾಗೆಯೇ ಮಾಡಿದರು.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಈ ವಾರವೇ ಮಾಡಿ. ನಿಮ್ಮೂರಿನಲ್ಲಿ ಈ ವಿಚಾರವನ್ನು ಎಲ್ಲರಿಗಿಂತ ಗಟ್ಟಿಯಾಗಿ ವಿರೋಧಿಸುವ ರೈತರು ಯಾರೆಂದು ನಿಮಗೆ ಗೊತ್ತು. ಸಂಜೆ ಹೊತ್ತು ಅವರ ಮನೆಗೆ ಹೋಗಿ. ವಾದ ಮಾಡಬೇಡಿ. “ದೊಡ್ಡಪ್ಪಾ, ಇದು ನಮ್ಮೂರಲ್ಲಿ ಯಾಕೆ ನಡೆಯಲ್ಲ, ಮೂರು ಕಾರಣ ಹೇಳಿ” ಎಂದು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಮುಂಗಾರಿಗೆ ನಿಮ್ಮ ಹತ್ತು ಗುಂಟೆಯಲ್ಲಿ ಏನು ಮಾಡಬೇಕು ಎಂಬುದನ್ನು ಆ ಮೂರು ಕಾರಣಗಳಿಂದಲೇ ತೀರ್ಮಾನಿಸಿ. ಫಸಲು ಕೊಯ್ದ ದಿನ, ಹೆಚ್ಚು ಬಂದಿರಲಿ ಕಡಿಮೆ ಬಂದಿರಲಿ, ತೂಕ ಹಾಕಲು ಅವರನ್ನೇ ಕರೆಯಿರಿ.